ಕೋಲಿನ ತುದಿಯ ಮೊಳೆ

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನದ ಜಾತ್ರೆಗೆ ಹೋದವರಿಗೆ ಗೊತ್ತು. ಕ್ಯಾತ್ಸಂದ್ರದಿಂದ ಮಠದ ದಾರಿಗೆ ತಿರುಗಿದೊಡನೆ ಒಣಹುಲ್ಲು, ಸಗಣಿ, ಕೊಂಬಿಗೆ ಸವರಿದ ಎಣ್ಣೆ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಆಮೇಲೆ ಕೊರಳಗಂಟೆಯ ಸದ್ದು. ಹಳ್ಳಿಕಾರ್ ಜೋಡಿಗಳು ಸಾಲಾಗಿ ನಿಂತಿರುತ್ತವೆ. ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ನಡೆದಿರುತ್ತದೆ. ಬಾಯಿ ಬಿಡಿಸಿ ಹಲ್ಲು ಎಣಿಸುವವರು, ಬಾಲ ತಿರುವಿ ಗತ್ತು ನೋಡುವವರು, ಸುಮ್ಮನೆ ನೋಡುತ್ತ ನಿಂತವರು.

ಆ ಜಾತ್ರೆಯ ಒಂದು ಮೂಲೆಯಲ್ಲಿ, ಹುಣಸೆಮರದ ಕೆಳಗೆ, ಇಬ್ಬರು ಕೂತು ಆಡಿದ ಮಾತಿದು. ಒಬ್ಬರು ಗುಬ್ಬಿ ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರು. ಒಂದಿಷ್ಟು ತೆಂಗು, ಅಡಿಕೆ ಇರುವವರು, ಬಾಲ್ಯದಿಂದ ಎತ್ತು ಕಂಡವರು. ಇನ್ನೊಬ್ಬರು ತುಮಕೂರಿನ ಲೇಖಕಿ. ಎರಡು ಕಾದಂಬರಿ ಬರೆದು, ಈಚಿನ ಮೂರು ವರ್ಷ ಏನನ್ನೂ ಬರೆಯದೆ ಗಾಯಗೊಂಡ ದನ, ಬೀದಿನಾಯಿ ಎಂದು ಓಡಾಡುತ್ತಿರುವವರು. ಇಬ್ಬರೂ ಹೆಸರು ಬೇಡವೆಂದರು. ಜೊತೆಯಲ್ಲಿದ್ದ ನಾನು ಕೇಳಿಸಿಕೊಂಡಷ್ಟನ್ನು ಬರೆದುಕೊಂಡೆ.

ಮೇಷ್ಟ್ರು: ನಿಮ್ಮ ಎರಡು ಪುಸ್ತಕಾನೂ ಓದಿದೀನಮ್ಮ. ಮೂರನೇದಕ್ಕೆ ಕಾಯ್ತಾ ಇದ್ದೆ. ಕೇಳಿದ್ರೆ, ಅವರು ನಾಯಿಗೆ ಸೂಜಿ ಹಾಕ್ಸೋಕೆ ಹೋಗಿದಾರೆ ಅಂದ್ರು. ಬೇಜಾರಾಯ್ತು. ಸೂಜಿ ಹಾಕೋಕೆ ಸಾವಿರ ಜನ ಸಿಗ್ತಾರೆ. ಬರೆಯೋಕೆ?

ಲೇಖಕಿ: ಸಾವಿರ ಜನ ಎಲ್ಲಿ ಸಿಗ್ತಾರೆ ಮೇಷ್ಟ್ರೇ? ಹೋದ ತಿಂಗಳು ಅಮಾನಿಕೆರೆ ಹತ್ರ ನಾಯಿ ಹಿಡಿಯೋವಾಗ ನಾವು ಇದ್ದಿದ್ದೇ ನಾಲ್ಕು ಜನ. ಬಲೆ ಹಿಡಿಯೋರು ಇಬ್ಬರು, ಡಾಕ್ಟರು ಒಬ್ಬರು, ಪುಸ್ತಕ ಬರೆಯೋಳು ನಾನು.

ಮೇಷ್ಟ್ರು: ಅಲ್ಲೂ ಪುಸ್ತಕ?

ಲೇಖಕಿ: ಲೆಕ್ಕದ ಪುಸ್ತಕ. ಕರಿ ಹೆಣ್ಣು, ಬಿಳಿ ಪಾದ, ಕೆರೆ ಏರಿ ಮೇಲೆ, ಸುಮಾರು ಎರಡು ವರ್ಷ, ಲಸಿಕೆ ಆಗಿದೆ, ಸಂತಾನಹರಣ ಆಗಿಲ್ಲ. ಒಂದೊಂದು ನಾಯಿಗೆ ಒಂದೊಂದು ಸಾಲು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಇಂಥ ಲೆಕ್ಕವೇ.

ಮೇಷ್ಟ್ರು: ಅದಕ್ಕೆ ಗುಮಾಸ್ತರು ಸಾಕಲ್ವಾ? ನೋಡಿ, ನಾನು ತಿಳಿದಿರೋದು ಹೇಳ್ತೀನಿ. ಪ್ರಾಣಿಗೆ ಬಾಯಿಲ್ಲ. ಬಾಯಿಲ್ಲದ್ದಕ್ಕೆ ಬಾಯಿ ಕೊಡೋದು ಕವಿ ಕೆಲಸ. ಪುಣ್ಯಕೋಟಿ ಹಾಡು ನಮಗೆ ಕಲಿಸಿದಷ್ಟನ್ನ ಯಾವ ಪಶು ಆಸ್ಪತ್ರೆ ಕಲಿಸ್ತು?

ಲೇಖಕಿ: ಪುಣ್ಯಕೋಟಿ ಹಾಡು ಬಾಯಿಪಾಠ ಇರೋ ಊರಲ್ಲೇ ಹಸು ಹೊಟ್ಟೇಲಿ ಪ್ಲಾಸ್ಟಿಕ್ ತುಂಬಿರುತ್ತೆ ಮೇಷ್ಟ್ರೇ. ಕೊಪ್ಪರಿಗೆ ತುಂಬ ತೆಗೆದಿದ್ದನ್ನ ಕಣ್ಣಾರೆ ನೋಡಿದೀನಿ. ಹಾಡಿಗೆ ಕಣ್ಣೀರು ಹಾಕಿದೋರೇ ಮುಸುರೆಯನ್ನ ಕವರಲ್ಲಿ ಕಟ್ಟಿ ಬೀದಿಗೆ ಎಸೀತಾರೆ. ಹಾಡಿನ ತಪ್ಪಲ್ಲ ಅದು. ಹಾಡು ಸತ್ಯ ಹೇಳ್ತು, ಪ್ಲಾಸ್ಟಿಕ್ ಬಗ್ಗೆ ಹೇಳಲಿಲ್ಲ, ಹೇಳೋ ಕಾಲ ಅದಾಗಿರಲಿಲ್ಲ. ಈಗ ಅದನ್ನ ಹೇಳಬೇಕಾದೋರು ನಾವು. ಹೇಳೋಕೆ ಮುಂಚೆ ಆ ಹೊಟ್ಟೆ ಕೊಯ್ಯೋ ಜಾಗದಲ್ಲಿ ನಿಂತಿರಬೇಕು.

ಮೇಷ್ಟ್ರು: ನಮ್ಮೋರು ಬರೆದಿಲ್ಲ ಅಂತೀರಾ? ಕಾರಂತರ ಚೋಮ ಇಲ್ವಾ, ಅವನ ಎತ್ತುಗಳಿಲ್ವಾ? ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಓದಿ ನಾನು ಅತ್ತಿದ್ದು ಗುತ್ತಿಗಲ್ಲ, ಅವನ ನಾಯಿ ಹುಲಿಯನಿಗೆ. ಆ ತುಂಗೆ ನೆರೆ ಈಗಲೂ ಕಣ್ಣಲ್ಲಿದೆ.

ಲೇಖಕಿ: ನಾನೂ ಅತ್ತಿದೀನಿ. ಬರೆದಿಲ್ಲ ಅಂತ ನಾನು ಯಾವತ್ತೂ ಅನ್ನಲ್ಲ. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಕಿವಿ ಅನ್ನೋ ನಾಯಿ ಇದೆಯಲ್ಲ, ಅದಕ್ಕಿಂತ ಜೀವಂತ ಪಾತ್ರ ಎಷ್ಟು ಕಾದಂಬರೀಲಿ ಸಿಗುತ್ತೆ? ಅವರೇ ಕೆನೆತ್ ಆಂಡರ್ಸನ್ ಬರೆದ ಕಾಡಿನ ಕಥೆಗಳನ್ನ ಕನ್ನಡಕ್ಕೆ ತಂದ್ರು. ಆಂಡರ್ಸನ್ ನಮ್ಮ ದೇವರಾಯನದುರ್ಗದ ಮೇಲೂ ಒಂದು ಕಥೆ ಬರೆದಿದಾನೆ. ಬಂದೂಕು ಹಿಡಿದಿದ್ದ ತೇಜಸ್ವಿ ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿ ಹಿಂದೆ ಕೂತ್ರು. ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿಚಾರಕ್ಕೆ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತ್ರು. ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಲ್ಲಿ ಜಗತ್ತಿಗೇ ಹೆಸರಾದ್ರು. ಅಂದ್ರೆ ಕನ್ನಡದ ಕಾದಂಬರಿಕಾರರು ಕಾಡಿನ ಪರ ನಿಂತಿದಾರೆ, ಗಟ್ಟಿಯಾಗೇ ನಿಂತಿದಾರೆ. ನಾನು ಹೇಳೋದು ಬೇರೆ. ಕಾಡಿನ ಹುಲಿಗೆ ವಕೀಲರಿದ್ರು. ಬಟವಾಡಿ ಸರ್ಕಲ್‌ನಲ್ಲಿ ಹೆಗಲು ಹುಣ್ಣಾಗಿ ನಿಂತಿರೋ ಎತ್ತಿಗೆ?

ಮೇಷ್ಟ್ರು: ಭೈರಪ್ಪನವರು ‘ತಬ್ಬಲಿಯು ನೀನಾದೆ ಮಗನೆ’ ಬರೆದ್ರಲ್ಲ, 1968ರಲ್ಲೇ.

ಲೇಖಕಿ: ಬರೆದ್ರು. ಬಿ.ವಿ. ಕಾರಂತರು, ಕಾರ್ನಾಡರು ಸೇರಿ ಸಿನಿಮಾನೂ ಮಾಡಿದ್ರು. ಆ ಪುಸ್ತಕದ ಜಗಳ ದೊಡ್ಡದು. ಎರಡು ನಂಬಿಕೆ, ಎರಡು ನಾಗರಿಕತೆ ನಡುವಿನದು. ಹಸು ಅಲ್ಲಿ ತಾಯಿ. ನನ್ನ ಪ್ರಶ್ನೆ ಅದಕ್ಕಿಂತ ತುಂಬ ಸಣ್ಣದು. ತಾಯಿ ಅಂದ್ಕೊಳ್ಳಿ, ಆಸ್ತಿ ಅಂದ್ಕೊಳ್ಳಿ, ಅದರ ಮೂಗುದಾರ ಯಾಕೆ ಅಷ್ಟು ಬಿಗಿ? ಇಷ್ಟೇ.

(ಈ ಹೊತ್ತಿಗೆ ಒಬ್ಬ ರೈತ ತನ್ನ ಹೋರಿಯ ಕಿವಿಯ ಬುಡದ ಗಾಯ ತೋರಿಸಲು ಬಂದ. ಹುಳ ಬಿದ್ದಿತ್ತು. ಲೇಖಕಿ ಎದ್ದು ಹೋಗಿ ಬಟ್ಟೆಗೆ ಟರ್ಪೆಂಟೈನ್ ಎಣ್ಣೆ ಹಾಕಿ ಹಿಡಿದರು, ಅವರ ಜೊತೆ ಬಂದಿದ್ದ ದನದ ಡಾಕ್ಟರು ಚಿಮಟದಲ್ಲಿ ಒಂದೊಂದೇ ಹುಳ ತೆಗೆದರು. ಹಿಂದೆ ಸೀತಾಫಲದ ಎಲೆ ಅರೆದು ತುಂಬುತ್ತಿದ್ದೆವು ಎಂದು ಮೇಷ್ಟ್ರು ಹೇಳಿದರು. ಅದೂ ಸರಿಯೇ ಎಂದರು ಡಾಕ್ಟರು. ಇಪ್ಪತ್ತು ನಿಮಿಷ ಹಿಡಿಯಿತು. ಲೇಖಕಿ ಕೈ ತೊಳೆದು ಬಂದು ಕೂತರು.)

ಲೇಖಕಿ: ನಮ್ಮಜ್ಜಿ ಮನೆ ಕುಣಿಗಲ್‌ನಲ್ಲಿ. ರಜಕ್ಕೆ ಹೋದಾಗ ಕುದುರೆ ಫಾರಂ ಬೇಲಿ ಹತ್ರ ನಿಂತು ನೋಡ್ತಿದ್ವಿ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ ಅಂತ ಅಜ್ಜಿ ಹೇಳೋರು. ಮರಿಗಳು ತಾಯಿ ಪಕ್ಕ ಓಡೋದನ್ನ ನೋಡಿದ್ರೆ ನೆಲಕ್ಕೆ ಕಾಲೇ ತಾಗ್ತಿಲ್ಲವೇನೋ ಅನ್ಸೋದು. ಆಮೇಲೆ ತುಮಕೂರಿಗೆ ವಾಪಸ್ ಬಂದ್ರೆ ಸ್ಟೇಷನ್ ಮುಂದೆ ಜಟಕಾ ಕುದುರೆ. ಪಕ್ಕೆಲುಬು ಎಣಿಸಬಹುದಿತ್ತು. ಕಡಿವಾಣದ ಹತ್ರ ಬಾಯಿ ತುದಿ ಸೀಳಿರೋದು. ಎರಡೂ ಕುದುರೇನೇ ಅಂತ ನಂಬೋಕೆ ಆಗ್ತಿರಲಿಲ್ಲ. ಅದೇ ವರ್ಷ ಸ್ಕೂಲ್ ಲೈಬ್ರರೀಲಿ ‘ಬ್ಲ್ಯಾಕ್ ಬ್ಯೂಟಿ’ ಸಂಗ್ರಹ ಸಿಕ್ತು.

ಮೇಷ್ಟ್ರು: ಕುದುರೇನೇ ತನ್ನ ಕತೆ ಹೇಳೋದು. ನಾನು ಮಕ್ಕಳಿಗೆ ಹೇಳಿದೀನಿ.

ಲೇಖಕಿ: ಅದನ್ನ ಬರೆದ ಅನ್ನಾ ಸ್ಯೂವೆಲ್ ಬಗ್ಗೆ ಹೇಳಿದೀರಾ? ಹದಿನಾಲ್ಕನೇ ವಯಸ್ಸಿಗೆ ಬಿದ್ದು ಕಾಲು ಹೋಯ್ತು. ಆಮೇಲೆ ಬದುಕಿಡೀ ಎಲ್ಲಿಗೆ ಹೋಗಬೇಕಾದ್ರೂ ಕುದುರೆ ಗಾಡೀನೇ ಗತಿ. ಕುದುರೆ ಜೊತೆ ಮಾತಾಡ್ತಾ, ಚಾವಟಿ ಇಲ್ಲದೆ ಗಾಡಿ ಓಡಿಸೋಳು. ಹಾಸಿಗೆ ಹಿಡಿದ ಮೇಲೆ 1871ರಿಂದ ಆರು ವರ್ಷ, ಚೀಟಿ ಮೇಲೆ ಬರೆದು, ಕೈ ಸೋತಾಗ ತಾಯಿಗೆ ಹೇಳಿ ಬರೆಸಿ, ಒಂದೇ ಒಂದು ಕಾದಂಬರಿ ಮುಗಿಸಿದ್ಲು. 1877ರ ನವೆಂಬರ್‌ನಲ್ಲಿ ಅಚ್ಚಾಯ್ತು. ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡ್ಲು. ಐದೇ ತಿಂಗಳು.

ಮೇಷ್ಟ್ರು: ಅಯ್ಯೋ. ಅದು ಗೊತ್ತಿರಲಿಲ್ಲ.

ಲೇಖಕಿ: ನನ್ನನ್ನ ಹಿಡಿದು ನಿಲ್ಲಿಸಿದ್ದು ಅವಳ ಕಷ್ಟ ಅಲ್ಲ ಮೇಷ್ಟ್ರೇ. ಆ ಪುಸ್ತಕದಲ್ಲಿ ಅವಳು ಒಂದು ಲಗಾಮಿನ ಬೆನ್ನು ಹತ್ತಿದಾಳೆ. ಆಗ ಸಿರಿವಂತರ ಗಾಡಿ ಕುದುರೆ ತಲೆ ಎತ್ತಿಕೊಂಡೇ ಇರಬೇಕು ಅಂತ ಒಂದು ಷೋಕಿ. ಅದಕ್ಕೆ ಬೇರಿಂಗ್ ರೇನ್ ಅಂತ ಇನ್ನೊಂದು ಲಗಾಮು. ತಲೆ ಕೆಳಗಿಳಿಸೋಕೇ ಆಗದ ಹಾಗೆ ಎಳೆದು ಕಟ್ಟೋದು. ಏರು ಹತ್ತೋವಾಗ ಕುದುರೆ ತಲೆ ಬಗ್ಗಿಸಿ ಭಾರ ಎಳೀಬೇಕು ತಾನೇ? ಇದನ್ನ ಕಟ್ಟಿದ್ರೆ ಬಗ್ಗಿಸೋಕಾಗಲ್ಲ. ಕತ್ತು ನೋವು, ಉಸಿರು ಕಟ್ಟು, ಬಾಯಲ್ಲಿ ನೊರೆ. ನೋಡೋರಿಗೆ ಚೆಂದ. ಇಂಗ್ಲೆಂಡಿನಲ್ಲಿ ಪ್ರಾಣಿ ಹಿಂಸೆ ವಿರುದ್ಧ 1822ರಲ್ಲೇ ಕಾನೂನಾಗಿತ್ತು. 1824ರಿಂದ ಪ್ರಾಣಿದಯಾ ಸಂಘ ಇತ್ತು. ಆದ್ರೂ ಆ ಲಗಾಮು ಹೆಚ್ಚಿನೋರಿಗೆ ಹಿಂಸೆ ಅನ್ನಿಸಿರಲಿಲ್ಲ, ಯಾಕಂದ್ರೆ ಸುತ್ತ ಇದ್ದೋರೆಲ್ಲ ಕಟ್ತಿದ್ರು. ಕಾದಂಬರಿ ಬಂದ ಮೇಲೆ ಜನ ಅದನ್ನ ಲಗಾಮು ಅಂತ ನೋಡದೆ ನೋವು ಅಂತ ನೋಡೋಕೆ ಶುರು ಮಾಡಿದ್ರು. ನಿಧಾನಕ್ಕೆ ಬಳಕೆ ತಪ್ಪಿಹೋಯ್ತು. 1890ರಲ್ಲಿ ಅಮೆರಿಕದಲ್ಲಿ ಜಾರ್ಜ್ ಏಂಜೆಲ್ ಅನ್ನೋರು ಆ ಪುಸ್ತಕಾನ ಅಚ್ಚು ಹಾಕ್ಸಿ ಗಾಡಿ ಹೊಡೆಯೋರಿಗೆ, ಲಾಯದ ಆಳುಗಳಿಗೆ ಹಂಚಿದ್ರು. ಅವಳ ಹೆಣ ಹೊತ್ತ ಗಾಡಿ ಕುದುರೆಗಳಿಗೂ ಅದೇ ಲಗಾಮು ಕಟ್ಟಿದ್ರಂತೆ. ತಾಯಿ ನೋಡಿ, ಬಿಚ್ಚಿಸಿ ಅಂದ್ಲಂತೆ.

(ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.)

ಮೇಷ್ಟ್ರು: ಹಂಗಾದ್ರೆ ನೀವು ಹೇಳೋದು, ದಯೆ ಬರಲಿ ಅಂತ ಬರೆದ್ರೆ ಸಾಲದು, ಹಗ್ಗ ಯಾವುದು ಅಂತ ಬರೀಬೇಕು.

ಲೇಖಕಿ: ಹೌದು. ಎಲ್ಲಿ ಕಟ್ಟಿದೆ, ಯಾರು ಕಟ್ಟಿದ್ರು, ಎಷ್ಟು ಬಿಗಿ. ದಯೆ ನಮ್ಮ ಜನಕ್ಕೆ ಧಾರಾಳವಾಗಿದೆ. ನಿಮ್ಮ ಗುಬ್ಬಿ ಊರನ್ನೇ ತಗೊಳ್ಳಿ. ಪುರಾಣ ಕೇಳೋಕೆ ದಿನಾ ಬರ್ತಿದ್ದ ಎರಡು ಗುಬ್ಬಿಗಳು ಪುರಾಣ ಮುಗಿದ ದಿನ ಪ್ರಾಣ ಬಿಟ್ವು, ಅದಕ್ಕೇ ಊರಿಗೆ ಆ ಹೆಸರು ಅಂತ ಐತಿಹ್ಯ. ಎರಡು ಗುಬ್ಬಿ ಹೆಸರನ್ನ ಊರಿಗೆ ಇಟ್ಟುಕೊಂಡ ಜನ ಕಟುಕರಾಗೋಕೆ ಸಾಧ್ಯಾನಾ? ಇನ್ನೂ ಹಿಂದಕ್ಕೆ ಹೋಗಿ. 1209ರಲ್ಲಿ ಜನ್ನ ‘ಯಶೋಧರ ಚರಿತೆ’ ಬರೆದ. ಅಲ್ಲಿ ರಾಜನೂ ತಾಯಿಯೂ ಕೊಂದಿದ್ದು ನಿಜವಾದ ಕೋಳೀನೂ ಅಲ್ಲ, ಹಿಟ್ಟಿನ ಹುಂಜ. ಅಷ್ಟಕ್ಕೇ ಇಬ್ಬರೂ ಪ್ರಾಣಿ ಜನ್ಮ ಎತ್ತಿ ಎತ್ತಿ ಕಡಿಸಿಕೊಳ್ತಾರೆ, ಬೇಯ್ತಾರೆ. ಪ್ರಾಣಿ ಮೈಯೊಳಗೆ ಮನುಷ್ಯನ್ನ ಕೂರಿಸಿ ನೋವು ತೋರಿಸಿದ್ದು ಅನ್ನಾ ಸ್ಯೂವೆಲ್‌ಗಿಂತ 668 ವರ್ಷ ಮೊದಲೇ ಕನ್ನಡದಲ್ಲಿ ಆಗಿತ್ತು. ಜನ್ನನದು ಕರ್ಮದ ಲೆಕ್ಕ. ಸ್ಯೂವೆಲ್‌ದು ಲಾಯದ ಲೆಕ್ಕ. ನಮಗೆ ಮೊದಲನೇದು ಚೆನ್ನಾಗಿ ಬಂತು, ಎರಡನೇದು ಬರಲೇ ಇಲ್ಲ.

ಮೇಷ್ಟ್ರು: ಲಾಯದ ಲೆಕ್ಕ... ಒಂದು ಹೇಳ್ಲಾ? ಯಾರಿಗೂ ಹೇಳಿಲ್ಲ. ನಮ್ಮ ತಂದೆ ತೆಂಗಿನಕಾಯಿ ಗಾಡಿ ಕಟ್ಟಿಕೊಂಡು ತುಮಕೂರಿಗೆ ಬರ್ತಿದ್ರು. ರಾತ್ರಿ ಹೊರಟ್ರೆ ಬೆಳಗಿನ ಜಾವಕ್ಕೆ ಸೇರೋದು. ನನಗೆ ಹನ್ನೆರಡು, ಹದಿಮೂರು ವಯಸ್ಸು. ಅಪ್ಪ ನಿದ್ದೆ ಮಾಡೋವಾಗ ಗಾಡಿ ನನ್ನ ಕೈಲಿ. ನನ್ನ ಹತ್ರ ಒಂದು ಮುಳ್ಳುಗೋಲು ಇತ್ತು. ಬಿದಿರು ಕೋಲು, ತುದೀಗೆ ಲಾಳದ ಮೊಳೆ. ಮೊಳೇನ ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದೂ ನಾನೇ. ಹೊಸ ಕೋಲು, ತೋರಿಸಿಕೊಳ್ಳೋ ಆಸೆ. ಎಡಗಡೆ ಎತ್ತು ಸ್ವಲ್ಪ ನಿಧಾನ. ಏರು ಬಂದಾಗೆಲ್ಲ ಅದಕ್ಕೇ ಚುಚ್ಚೋನು. ತುಮಕೂರಿಗೆ ಬಂದು ಬೆಳಕಲ್ಲಿ ನೋಡಿದ್ರೆ ಹಿಂದೊಡೆ ತುಂಬಾ ಸಣ್ಣ ಸಣ್ಣ ತೂತು, ರಕ್ತ ಒಣಗಿ ಕೂದಲಿಗೆ ಅಂಟಿತ್ತು, ನೊಣ ಕೂತಿತ್ತು. ಅಪ್ಪ ನೋಡಿದ್ರು. ಬೈಲಿಲ್ಲ. ಎಲ್ಲರ ಗಾಡೀಲೂ ಹಂಗೇ ಇತ್ತಲ್ಲ.

ಲೇಖಕಿ: ಯಾವ ವರ್ಷ ಇರಬಹುದು?

ಮೇಷ್ಟ್ರು: ಅರವತ್ತಾರೋ, ಅರವತ್ತೇಳೋ.

ಲೇಖಕಿ: ಮೇಷ್ಟ್ರೇ, ಭಾರ ಎಳೆಯೋ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರದ ನಿಯಮ ಬಂದಿದ್ದು 1965ರಲ್ಲಿ. ಮೊಳೆ ಇರೋ ಕೋಲು, ಮುಳ್ಳಿರೋ ಕಡಿವಾಣ, ಉಬ್ಬು ಚುಚ್ಚೋ ನೊಗ, ಇವನ್ನ ಬಳಸಬಾರದು ಅಂತ ಅದರಲ್ಲಿ ಬರೆದಿದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ ಐದು ಗಂಟೆ ದಾಟಬಾರದು. ಬಿಸಿಲು 37 ಡಿಗ್ರಿ ದಾಟೋ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಕಟ್ಟಬಾರದು. ಎಲ್ಲಾ ಇದೆ.

ಮೇಷ್ಟ್ರು: ಅಂದ್ರೆ ನಾನು ಚುಚ್ಚೋವಾಗಲೇ ಅದು ತಪ್ಪು ಅಂತ ಬರೆದಿತ್ತು?

ಲೇಖಕಿ: ಬರೆದಿತ್ತು.

ಮೇಷ್ಟ್ರು: ನಮಗ್ಯಾರೂ ಹೇಳಲಿಲ್ಲವಲ್ಲಮ್ಮ! ಮೂವತ್ತೈದು ವರ್ಷ ಪಾಠ ಮಾಡಿದೀನಿ. ಒಂದು ಪುಸ್ತಕದಲ್ಲಿ, ಒಂದು ಪಾಠದಲ್ಲಿ ಇದು ಇರಲಿಲ್ಲ. ಇದ್ದಿದ್ರೆ ನಾನೇ ಮಕ್ಕಳಿಗೆ ಹೇಳ್ತಿದ್ದೆ.

ಲೇಖಕಿ: ಅದೇ ನನ್ನ ಸಂಕಟ. ಅಲ್ಲಿ ಕಾದಂಬರಿ ಬಂದು ಜನರ ಕಣ್ಣು ತೆರೀತು. ಇಲ್ಲಿ ಕಾನೂನು ಬಂತು, ಗೆಜೆಟ್‌ನಲ್ಲಿ ಕೂತ್ಕೊಂಡ್ತು, ಕಾದಂಬರಿ ಬರಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಕಾರಣರಾದೋರೇ ರುಕ್ಮಿಣೀದೇವಿ ಅರುಂಡೇಲ್, ಭರತನಾಟ್ಯದ ಕಲಾವಿದೆ. ರಾಜ್ಯಸಭೆಯಲ್ಲಿ ಹೋರಾಡಿ ತಂದ್ರು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅವರೇ ಮೊದಲ ಅಧ್ಯಕ್ಷೆ. ಕಲಾವಿದೆಯೊಬ್ಬಳು ಕಾನೂನು ತಂದುಕೊಟ್ಟಳು. ಅದನ್ನ ಗಾಡಿ ಹೊಡೆಯೋ ಹುಡುಗನ ತನಕ ಒಯ್ಯಬೇಕಾದೋರು ಬರೆಯೋರು, ನಾವು. ಒಯ್ಯಲಿಲ್ಲ. ಇನ್ನು ದಂಡ ಕೇಳಿ. ಆ ಕಾಯ್ದೆ ಪ್ರಕಾರ ಪ್ರಾಣಿಗೆ ಹಿಂಸೆ ಕೊಟ್ಟೋನಿಗೆ ಮೊದಲ ಸಲ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅರವತ್ತು ವರ್ಷ ದಾಟಿದ್ರೂ ಐವತ್ತೇ. ಸ್ಟೇಷನ್‌ನಲ್ಲಿ ದೂರು ಬರೆಸೋಕೆ ಹೋದ್ರೆ ಪೊಲೀಸರು, ಅಮ್ಮಾ, ಇದಕ್ಕೆ ನಾನೇ ಐವತ್ತು ಕೊಡ್ತೀನಿ, ಮನೆಗೆ ಹೋಗಿ ಅಂತಾರೆ.

ಮೇಷ್ಟ್ರು: ಆದ್ರೆ ಒಂದು ಮಾತು. ಗಾಡಿ ಹೊಡೆಯೋನು ಕಟುಕ ಅಲ್ಲಮ್ಮ. ಕಾಯಿ ಹೊತ್ತಿಗೆ ಸರಿಯಾಗಿ ಮಂಡಿಗೆ ಹೋಗಲಿಲ್ಲ ಅಂದ್ರೆ ರೇಟು ಬೀಳ್ತಿತ್ತು. ರೇಟು ಬಿದ್ರೆ ನನ್ನ ಫೀಸಿಗೆ ದುಡ್ಡಿಲ್ಲ. ಆ ಎತ್ತಿಗೆ ಚುಚ್ಚಿದ ಮೊಳೇಲಿ ನಮ್ಮ ಮನೆ ಬಡತನಾನೂ ಇತ್ತು. ಪ್ರಾಣಿ ದಯೆ ಅಂತ ಬರೋ ಪೇಟೆಯೋರಿಗೆ ಇದು ಕಾಣಲ್ಲ.

ಲೇಖಕಿ: ಅದಕ್ಕೇ ನಾನು ಆ ಹಳೇ ಪುಸ್ತಕಕ್ಕೆ ಮತ್ತೆ ಮತ್ತೆ ಹೋಗೋದು. ಅದರಲ್ಲಿ ಜೆರ್ರಿ ಬಾರ್ಕರ್ ಅಂತ ಲಂಡನ್ನಿನ ಬಾಡಿಗೆ ಗಾಡಿಯೋನು ಇದಾನೆ. ಒಳ್ಳೆಯೋನು. ಹೊಸವರ್ಷದ ರಾತ್ರಿ ಷೋಕಿ ಜನ ಇಸ್ಪೀಟು ಮುಗಿಸಿ ಹೊರಗೆ ಬರೋ ತನಕ ಹಿಮದಲ್ಲಿ ಗಂಟೆಗಟ್ಟಲೆ ಕಾಯ್ತಾನೆ. ಎದೆ ಹಿಡ್ಕೊಂಡು ಹಾಸಿಗೆ ಸೇರ್ತಾನೆ. ಅವನ ಜೊತೆ ಕುದುರೇನೂ ನಿಂತಿರುತ್ತೆ. ಮನುಷ್ಯನ ಕಷ್ಟ, ಕುದುರೆ ಕಷ್ಟ ಅಂತ ಬೇರೆ ಬೇರೆ ಮಾಡಲಿಲ್ಲ ಅವಳು. ಕಾಯಿಸಿದೋನು ಯಾರು ಅಂತ ತೋರಿಸಿದ್ಲು. ನಿಮ್ಮ ಎತ್ತಿನ ಕತೆ ನಾನು ಬರೆದ್ರೆ ಮಂಡಿ ರೇಟನ್ನ ಬಿಡಲ್ಲ.

ಮೇಷ್ಟ್ರು: ಈಗ ಗಾಡಿಗಳೇ ಇಲ್ಲವಲ್ಲ. ಟ್ರ್ಯಾಕ್ಟರು, ಟೆಂಪೋ. ನಮ್ಮೂರಲ್ಲಿ ಉಳಿದಿರೋದು ಮೂರು ಜೋಡಿ ಎತ್ತು. ಮೇಯೋಕೆ ಜಾಗಾನೂ ಇಲ್ಲ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಫ್ಯಾಕ್ಟರಿ ಆಯ್ತು. 2023ರ ಫೆಬ್ರವರೀಲಿ ಪ್ರಧಾನಿಯೇ ಬಂದು ಉದ್ಘಾಟನೆ ಮಾಡಿದ್ರು. 615 ಎಕರೆ. ಹುಡುಗರಿಗೆ ಕೆಲಸ ಬರಲಿ, ಬೇಡ ಅನ್ನಲ್ಲ. ಆದ್ರೆ ಹೆಸರಲ್ಲೇ ಇದೆ ನೋಡಿ, ಕಾವಲ್. ದನ ಮೇಯೋ ಹುಲ್ಲುಗಾವಲಿಗೆ ನಮ್ಮ ಕಡೆ ಇಡೋ ಹೆಸರು.

ಲೇಖಕಿ: ಗಾಡಿ ಹೋಯ್ತು, ಮೊಳೆ ಬೇರೆ ರೂಪದಲ್ಲಿ ಇದೆ. ಟೆಂಪೋಗೆ ಏಳು ದನ ತುರುಕಿ, ಬಾಲ ಮುರಿದು ಹತ್ತಿಸೋದು. ಕಸದ ಕವರು. ಆಮೇಲೆ ನಾಯಿ.

ಮೇಷ್ಟ್ರು: ನಾಯಿ ವಿಷಯ ಬಂತಲ್ಲ, ಇಲ್ಲಿ ನನಗೂ ನಿಮಗೂ ಆಗಿಬರಲ್ಲ. ನಮ್ಮ ಬೀದೀಲಿ ಆರು ವರ್ಷದ ಹುಡುಗಿಗೆ ಕೆನ್ನೆ ಕಿತ್ತುಹಾಕ್ತು. ನಾನೇ ಎತ್ಕೊಂಡು ಆಸ್ಪತ್ರೆಗೆ ಓಡಿದ್ದು. ಅವತ್ತು ನಾಯಿ ದಯೆ ಅಂತ ಯಾರಾದ್ರೂ ಬಾಯಿ ಬಿಟ್ಟಿದ್ರೆ ಹೊಡೆದುಬಿಡ್ತಿದ್ದೆ.

ಲೇಖಕಿ: ಹೊಡೆಯೋದೇ ಸರಿ. ಆ ಮಗು ಮೊದಲು, ಇದರಲ್ಲಿ ನನಗೆ ಎರಡು ಮಾತಿಲ್ಲ. ಗಾಯಾನ ಸೋಪು ಹಾಕಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೀಬೇಕು, ತಕ್ಷಣ ಲಸಿಕೆಗೆ ಓಡಬೇಕು, ಆಮೇಲಿನ ಡೋಸ್‌ಗಳನ್ನ ಒಂದೂ ತಪ್ಪಿಸಬಾರದು. ಹುಚ್ಚುನಾಯಿ ರೋಗ ಒಮ್ಮೆ ತಲೆಗೇರಿದ್ರೆ ಔಷಧಿ ಇಲ್ಲ. ಇದನ್ನ ನಾವು ಹೋದ ಬೀದೀಲೆಲ್ಲ ಹೇಳ್ತೀವಿ.

ಮೇಷ್ಟ್ರು: ಹಂಗಾದ್ರೆ ನಾಯೀನ ಕೊಂದುಬಿಡೋದೇ ವಾಸಿ ಅಲ್ವಾ? ಹಿಂದೆ ಮುನಿಸಿಪಾಲಿಟಿಯೋರು ಹಂಗೇ ಮಾಡ್ತಿದ್ರು.

ಲೇಖಕಿ: ಮಾಡ್ತಿದ್ರು, ಕಡಿಮೆ ಆಯ್ತಾ? ಒಂದು ಬೀದಿ ನಾಯಿ ಖಾಲಿ ಆದ್ರೆ ಪಕ್ಕದ ಬೀದೀದು ಬರುತ್ತೆ, ಕಸ ಇರೋ ತನಕ. ಹೆಣ್ಣುನಾಯಿಗೆ ಎರಡೇ ತಿಂಗಳ ಬಸಿರು. ಹತ್ತರಲ್ಲಿ ಏಳು ನಾಯಿಗೆ ಲಸಿಕೆ ಆದ್ರೆ ರೇಬೀಸ್ ಹರಡೋ ಸರಪಳಿ ಮುರಿಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದಕ್ಕೇ 2001ರ ನಿಯಮ ಬಂತು, 2023ರಲ್ಲಿ ಮತ್ತೆ ಹೊಸದಾಗಿ ಬಂತು: ಹಿಡಿ, ಸಂತಾನಹರಣ ಮಾಡು, ಲಸಿಕೆ ಹಾಕು, ಅದೇ ಜಾಗಕ್ಕೆ ಬಿಡು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಅಂಥ ಕಡೆ ಹಿಡಿದಿದ್ದನ್ನ ಅಲ್ಲಿಗೇ ಬಿಡಬೇಡಿ, ಆಶ್ರಯತಾಣಕ್ಕೆ ಒಯ್ಯಿರಿ ಅಂತ ಹೇಳ್ತು. ಇದಕ್ಕೆಲ್ಲ ಶೆಡ್ಡು ಬೇಕು, ಡಾಕ್ಟರು ಬೇಕು, ಹಿಡಿಯೋಕೆ ಕಲಿತ ಕೈ ಬೇಕು. ದುಡ್ಡು ಬೇಕು. ಇವಿಲ್ಲದೆ ಬರೀ ಹಿಡಿದು ಕೂಡಿಹಾಕಿದ್ರೆ ಅದು ಇನ್ನೊಂದು ನರಕ.

ಮೇಷ್ಟ್ರು: ಇದರಲ್ಲಿ ಕಾದಂಬರಿ ಎಲ್ಲಿ ಬಂತು?

ಲೇಖಕಿ: ಬರುತ್ತೆ. ದಕ್ಷಿಣ ಆಫ್ರಿಕದ ಕುಟ್ಸೀ ಅನ್ನೋರು 1999ರಲ್ಲಿ ‘ಡಿಸ್‌ಗ್ರೇಸ್’ ಅಂತ ಬರೆದ್ರು. ಅದರ ನಾಯಕನೂ ಮೇಷ್ಟ್ರೇ, ಕಾಲೇಜಿನೋನು. ಮಾಡಬಾರದ್ದು ಮಾಡಿ ಕೆಲಸ ಕಳ್ಕೊಂಡು ಮಗಳ ಹಳ್ಳಿಗೆ ಬರ್ತಾನೆ. ಅಲ್ಲೊಂದು ಬಡ ಪ್ರಾಣಿ ಚಿಕಿತ್ಸಾಲಯ. ಯಾರಿಗೂ ಬೇಡವಾದ ನಾಯಿಗಳಿಗೆ ಸಾವಿನ ಸೂಜಿ ಹಾಕೋವಾಗ ಹಿಡ್ಕೊಳ್ಳೋದು ಅವನ ಕೆಲಸ. ಆಮೇಲೆ ಹೆಣಗಳನ್ನ ಸುಡೋ ಒಲೆಗೆ ತಾನೇ ಒಯ್ತಾನೆ. ಯಾಕಂದ್ರೆ ಅಲ್ಲಿನ ಕೆಲಸಗಾರರು ಸೆಟೆದ ಕಾಲನ್ನ ಸನಿಕೆಯಿಂದ ಹೊಡೆದು ಮುರಿದು ಒಳಗೆ ಹಾಕ್ತಾರೆ. ಅದು ಆಗಬಾರದು ಅಂತ. ಸತ್ತ ನಾಯಿಗೆ ಅದರಿಂದ ಏನಾಗಬೇಕು? ಏನೂ ಇಲ್ಲ. ಆದ್ರೂ ಅವನು ಹೋಗ್ತಾನೆ, ವಾರವಾರ. ಆ ಪುಟ ಓದಿದ ಮೇಲೆ ನನಗೆ ಮನೇಲಿ ಕೂರೋಕೆ ಆಗಲಿಲ್ಲ ಮೇಷ್ಟ್ರೇ. ಒಂದು ಕಾದಂಬರಿ ನನ್ನನ್ನ ಮೇಜಿಂದ ಎಬ್ಬಿಸಿ ಬೀದಿಗೆ ಕಳಿಸ್ತು. ನೀವು ಕೇಳಿದ್ರಲ್ಲ, ಯಾಕೆ ಬರೀತಿಲ್ಲ ಅಂತ.

ಮೇಷ್ಟ್ರು: ಮತ್ತೆ ಬರೀತೀರೋ ಇಲ್ವೋ?

ಲೇಖಕಿ: ಬರೀತೀನಿ. ಈ ಮೂರು ವರ್ಷದಲ್ಲಿ ನಾನು ಕಲಿತಿದ್ದು ಹೆಸರುಗಳನ್ನ. ನೊಗದ ಜತ್ತಿಗೆ ಎಲ್ಲಿ ಉಜ್ಜುತ್ತೆ, ಕಣ್ಣಿ ಎಷ್ಟು ಬಿಗಿ ಆದ್ರೆ ಕೊರಳು ಕೊರೆಯುತ್ತೆ, ಲಾಳ ಕಟ್ಟೋವಾಗ ಎತ್ತನ್ನ ಹೇಗೆ ಕೆಡವಬಾರದು, 2022ರಲ್ಲಿ ಚರ್ಮಗಂಟು ರೋಗ ಬಂದಾಗ ಒಂದು ಮನೆಯೋರು ಹಸು ಪಕ್ಕ ರಾತ್ರಿಯಿಡೀ ಹೇಗೆ ಕೂತಿದ್ರು. ಮೊದಲು ಬರೆದಿದ್ರೆ ‘ಮೂಕ ಪ್ರಾಣಿ’ ಅಂತ ಬರೆದು ಮುಗಿಸ್ತಿದ್ದೆ. ಮೂಕ ಅಲ್ಲ ಅವು. ನೋವಾದ್ರೆ ಹಲ್ಲು ಕಡಿಯುತ್ತೆ, ಕಿವಿ ಜೋತುಬೀಳುತ್ತೆ, ಮೆಲುಕು ನಿಲ್ಲುತ್ತೆ. ಹೇಳ್ತಾನೇ ಇರುತ್ತೆ. ಓದೋಕೆ ಬರ್ತಿರಲಿಲ್ಲ ನನಗೆ.

ಮೇಷ್ಟ್ರು: ಬರೆದ್ರೆ ನನ್ನ ಮುಳ್ಳುಗೋಲು ಬರೀರಿ. ಹೆಸರು ಬೇಡ, ಮೊಳೆ ಬಿಡಬೇಡಿ. ಎಡಗಡೆ ಎತ್ತಿನ ಹೆಸರು ರಾಮ. ಅದನ್ನ ಮಾತ್ರ ಹಾಕಿ.

ಲೇಖಕಿ: ಆ ಕೋಲು ಇನ್ನೂ ಇದೆಯಾ?

ಮೇಷ್ಟ್ರು: ಅಟ್ಟದ ಮೇಲೆ ಇರಬೇಕು. ಇದೇ ಇರುತ್ತೆ. ಎಸೆಯೋಕೆ ಮನಸ್ಸು ಬಂದಿಲ್ಲ, ಮುಟ್ಟೋಕೂ ಬಂದಿಲ್ಲ.

ಬಿಸಿಲು ಇಳಿದಿತ್ತು. ಮೇಷ್ಟ್ರು ಎದ್ದು, ಗುಬ್ಬಿ ಬಸ್ಸಿಗೆ ಹೊರಡುವ ಮುನ್ನ, ಕಿವಿಗೆ ಮದ್ದು ಹಾಕಿಸಿಕೊಂಡ ಆ ಹೋರಿಯ ಹತ್ತಿರ ಹೋಗಿ ಗಂಗೆದೊಗಲು ನೀವಿದರು. ಅದರ ಹಗ್ಗ ಹಿಡಿದು ನಿಂತವನು ಚಿಕ್ಕ ಹುಡುಗ. ಕೈಯಲ್ಲಿ ಬಣ್ಣದ ಕುಚ್ಚು ಕಟ್ಟಿದ ಕೋಲಿತ್ತು. ಮೇಷ್ಟ್ರು ಅದನ್ನು ಈಸಿಕೊಂಡು ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ವಾಪಸು ಕೊಟ್ಟರು. ಮೊಳೆ ಇರಲಿಲ್ಲ. ನಾಲ್ಕು ದಿನ ಬಿಟ್ಟು ಲೇಖಕಿಗೆ ಅವರಿಂದ ಫೋನ್ ಬಂತಂತೆ. ಅಟ್ಟದ ಕೋಲು ಸಿಕ್ಕಿತು, ಇಕ್ಕಳದಲ್ಲಿ ಮೊಳೆ ಕಿತ್ತೆ, ತುಕ್ಕು ಹಿಡಿದು ಬಿದಿರಿಗೆ ಕಚ್ಚಿಕೊಂಡಿತ್ತು, ಕೀಳಲು ಅರ್ಧ ಗಂಟೆ ಬೇಕಾಯಿತು, ಅಷ್ಟೇ ಹೇಳಿ ಇಟ್ಟರಂತೆ.

ಓದುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಹಟ್ಟಿಯಲ್ಲೋ ಅಟ್ಟದಲ್ಲೋ ಅಂಥ ಕೋಲಿದ್ದರೆ ಇವತ್ತೇ ಮೊಳೆ ಕಿತ್ತುಬಿಡಿ. ಮುಸುರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆಯಬೇಡಿ. ದಾರಿಯಲ್ಲಿ ದನವೊಂದು ಗಾಯಗೊಂಡು ಬಿದ್ದಿದ್ದರೆ 1962 ಎಂಬ ಸಂಖ್ಯೆಗೆ ಕರೆ ಮಾಡಿ. ಅದು ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ, ಕರೆಗೆ ದುಡ್ಡಿಲ್ಲ. ವಾಹನ ಬರುವ ತನಕ ಆ ದನದ ಹತ್ತಿರವೇ ನಿಂತಿರಿ.